ತಾಳೆ ದೋಣಿಯ ದಡದಲ್ಲಿ

ಆ ಚಳಿಗಾಲದಲ್ಲಿ ನಮ್ಮ ಮನೆಯಲ್ಲಿ ತೀರ್ಮಾನವಾಗಬೇಕಿದ್ದದ್ದು ಒಂದೇ ಪ್ರಶ್ನೆ: ಭಾನುವಾರದ ತಿರುಗಾಟಕ್ಕೆ ಮಗಳನ್ನು ಅಪ್ಪನ ಜೊತೆ ಇನ್ನು ಮುಂದೆಯೂ ಕಳಿಸಬಹುದೇ?

ನಾವಿದ್ದದ್ದು ಅನಕಾಪಲ್ಲಿಯಲ್ಲಿ. ಬ್ಯಾಂಕಿನಲ್ಲಿದ್ದ ಗಂಡನಿಗೆ ವಿಜಯವಾಡಕ್ಕೆ ವರ್ಗವಾಗಿತ್ತು. ಮಗಳ ಶಾಲೆಯ ವರ್ಷ ಮುಗಿಯಲಿ ಎಂದು ನಾವು ಅಲ್ಲೇ ಉಳಿದಿದ್ದೆವು. ನಾನು ರೈಲಿನಲ್ಲಿ ವಿಶಾಖಪಟ್ಟಣದ ಪತ್ರಿಕಾ ಕಚೇರಿಗೆ ಹೋಗಿಬರುತ್ತಿದ್ದೆ. ಭಾನುವಾರವೂ ಹೆಚ್ಚಾಗಿ ಡ್ಯೂಟಿ ಇರುತ್ತಿತ್ತು. ಅಮ್ಮ ತೀರಿಕೊಂಡ ಮೇಲೆ ನಮ್ಮಲ್ಲಿಗೆ ಬಂದಿದ್ದ ಅಪ್ಪನೇ ಆ ದಿನ ಮಗಳ ಯಜಮಾನರು. ಬೆಲ್ಲದ ಮಾರುಕಟ್ಟೆ, ಶಾರದಾ ನದಿಯ ಮರಳು, ಅಮ್ಮನವರ ಗುಡಿ, ಎಲ್ಲವನ್ನೂ ಅವರು ತೋರಿಸುತ್ತಿದ್ದರು. ಸಂಜೆ ಅವಳ ಫ್ರಾಕಿನ ಜೇಬಿನಲ್ಲಿ ಬೆಲ್ಲದ ಚೂರು ಅಂಟಿಕೊಂಡಿರುತ್ತಿತ್ತು.

ಅಪ್ಪ ಧಾರವಾಡದ ಕಡೆಯವರು. ಆದರೆ ಬ್ಯಾಂಕ್ ಮ್ಯಾನೇಜರಾಗಿ ಹೆಚ್ಚು ಕಾಲ ಕಳೆದದ್ದು ವಿಜಯವಾಡದಲ್ಲಿ. ನಾನು ಚಿಕ್ಕವಳಿದ್ದಾಗ ಬೆಂಜ್ ಸರ್ಕಲ್ ಹತ್ತಿರದ ಬಾಡಿಗೆ ಮನೆಯಿಂದ ನಮ್ಮನ್ನು ಉಂಡವಲ್ಲಿಯ ಗುಹೆಗಳಿಗೆ, ಕೃಷ್ಣೆಯ ಬ್ಯಾರೇಜಿಗೆ ಬಸ್ಸಿನಲ್ಲಿ ಕರೆದೊಯ್ಯುತ್ತಿದ್ದರು. ಆ ಬಸ್ಸುಗಳಲ್ಲಿ ಹುಟ್ಟಿದ ಒಂದು ಆಟ ನಮ್ಮ ಮನೆಯಲ್ಲಿ ಉಳಿದಿತ್ತು. ಅಪ್ಪ ಮ್ಯಾನೇಜರ್, ನಾವು ಗಿರಾಕಿಗಳು. ಮಾತಿಗೊಂದು 'ಅಂಡಿ' ಸೇರಿಸಿ, ಪರಿಚಯವೇ ಇಲ್ಲದವರಂತೆ ಮರ್ಯಾದೆಯ ತೆಲುಗಿನಲ್ಲಿ ಮಾತಾಡಬೇಕು. ಮೊದಲು ನಕ್ಕವರು ಸೋತಂತೆ. ಊಟದ ನಡುವೆ, ಟಿಕೆಟಿನ ಸಾಲಿನಲ್ಲಿ, ಅವರು ಎಲ್ಲೆಂದರಲ್ಲಿ ಅದನ್ನು ಶುರು ಮಾಡುತ್ತಿದ್ದರು. ಮಗಳಿಗೂ ಕಲಿಸಿದ್ದರು.

ಬಿಡುವಿದ್ದ ಒಂದು ಭಾನುವಾರ ನಾನೂ ಅವರ ಜೊತೆ ಬೊಜ್ಜನಕೊಂಡಕ್ಕೆ ಹೋದೆ. ಬಂಡೆಯಲ್ಲಿ ಕೊರೆದ ಬೌದ್ಧ ಗುಹೆಗಳಿರುವ ಗುಡ್ಡ ಅದು. ಮೆಟ್ಟಿಲು ಹತ್ತುತ್ತ ಅಪ್ಪ ಮೊಮ್ಮಗಳಿಗೆ ಹೇಳಿದರು, "ಮ್ಯಾಲಿನ ಅಂತಸ್ತಿನಾಗ ವಿಷ್ಣು ಮಲಗ್ಯಾನ. ಸಪ್ಪಳಾ ಮಾಡಬ್ಯಾಡ."

ಮೇಲಿದ್ದದ್ದು ಬುದ್ಧ. ಮಗಳು ಒಳಗೆ ಇಣುಕಿ ಬಂದಳು.

"ಅಜ್ಜಾ, ಇವರು ಕುಂತಾರಲ್ಲ."

"ಎದ್ದು ಕುಂತಾನ. ಎಷ್ಟಂತ ಮಲಗ್ತಾನ?"

ನಾವಿಬ್ಬರೂ ನಕ್ಕೆವು. ಮಲಗಿದ ವಿಷ್ಣು ಇರುವುದು ಕೃಷ್ಣೆಯ ಹತ್ತಿರದ ಉಂಡವಲ್ಲಿಯಲ್ಲಿ ಎಂದು ನನಗೆ ಗೊತ್ತಿತ್ತು. ಆದರೆ ಉತ್ತರ ಅಷ್ಟು ಚುರುಕಾಗಿತ್ತು. ಇಳಿಯುವಾಗ ಅವರು ಹೊಳೆಯೇ ಇಲ್ಲದ ಬಯಲಿನ ಕಡೆ ನೋಡಿ, ಹೊಳೆ ಎಲ್ಲಿ ಹೋಯಿತು ಎಂದರು. ಆಮೇಲೆ ನನ್ನ ಕಡೆ ತಿರುಗಿ, "ಮೀರು ಎಕ್ಕಡಿ ನುಂಚಿ ವಚ್ಚಾರಮ್ಮಾ?" ಎಂದು ಕೇಳಿದರು. ಆಟ ಶುರುವಾಯಿತೆಂದುಕೊಂಡು, ಎಲ್ಲಿಂದ ಬಂದೆನೆಂಬುದಕ್ಕೆ ನಾನು ಗಂಭೀರವಾಗಿ "ಅನಕಾಪಲ್ಲಿ ನುಂಚಿ ಅಂಡಿ" ಎಂದೆ. ಅವರು ತಲೆಯಾಡಿಸಿದರು, ನಗಲಿಲ್ಲ. ನನಗೇ ನಗು ಬಂತು. ಗೆದ್ದವರು ಅವರೇ ಎಂದುಕೊಂಡೆ.

ಆ ವಾರ ಗಂಡ ಫೋನ್ ಮಾಡಿದಾಗ ಹೊಳೆಯ ಮಾತನ್ನು ಹೇಳಿದೆ.

"ಮಾವನವರಿಗೆ ವಯಸ್ಸಾಗೇದ, ಮರೀತಾರ. ಅದನ್ನೂ ಹೆಡ್‌ಲೈನ್ ಮಾಡಬ್ಯಾಡ ಮಾರಾಯ್ತಿ."

ಒಬ್ಬರೇ ಹೇಳಿದ್ದನ್ನು ನಾನು ಅಚ್ಚಿಗೆ ಬಿಡುವವಳಲ್ಲ. ಕಂಡವಳು ನಾನೊಬ್ಬಳೇ ಆದಾಗಲೂ ಅದೇ ನಿಯಮ. ಮುಂದಿನ ಭಾನುವಾರ ಎಂದಿನಂತೆ ಡ್ಯೂಟಿಗೆ ಹೋದೆ. ಅವರಿಬ್ಬರೂ ಗುಡಿಗೆ ಹೋಗಿ ಬಂದರು.

ಮರುದಿನ ಜಡೆ ಹಾಕುವಾಗ ಮಗಳು ಹೇಳಿದಳು, "ಅಮ್ಮಾ, ನಿನ್ನೆ ಗುಡಿ ಮುಂದ ಅಜ್ಜ ಭಾಳ ಹೊತ್ತು ಆಟ ಆಡಿದ್ರು. ನಿಮ್ಮನಿ ಎಲ್ಲೈತಿ ಪಾಪಾ, ಬಿಟ್ಟು ಬರ್ತೀನಿ ಅಂತ ತೆಲುಗುನ್ಯಾಗ ಕೇಳಿದ್ರು."

"ನೀ ಏನಂದಿ?"

"ನಾನೂ ಅಂಡಿ ಅಂಡಿ ಅಂತ ದಾರಿ ಹೇಳಿದೆ. ಅಜ್ಜ ಒಂದ ಸಲಾನೂ ನಗಲಿಲ್ಲ. ಮನಿ ಮುಟ್ಟೋತನಕ ಕೈ ಬಿಡಲಿಲ್ಲ."

ನಾನು ಜಡೆಯನ್ನು ಬಿಗಿಯಾಗಿ ಎಳೆದು ಹೆಣೆದೆ. "ಅಮ್ಮಾ, ಜಗ್ಗಬ್ಯಾಡ," ಎಂದಳು.

ಮುಂದಿನ ಭಾನುವಾರದ ಡ್ಯೂಟಿ ಬದಲಾಯಿಸಿಕೊಂಡೆ. ಕೊಂಡಕರ್ಲ ಕೆರೆಗೆ ಹೋಗುವುದೆಂದು ಅಪ್ಪ ಮೊದಲೇ ಮಾತು ಕೊಟ್ಟಿದ್ದರು. ನಾನೂ ಹೊರಟದ್ದನ್ನು ಕಂಡು, "ಯಾಕವಾ, ನನ್ನ ಮ್ಯಾಲೆ ಇನ್‌ಸ್ಪೆಕ್ಷನ್ನಾ?" ಎಂದರು. ಕನ್ನಡದಲ್ಲಿ ಹೇಳಿದರು, ನನಗೇ ಹೇಳಿದರು. ಆಟೋದಲ್ಲಿ ದಾರಿಯುದ್ದಕ್ಕೂ ಸರಿಯಾಗಿಯೇ ಇದ್ದರು. ಕಬ್ಬಿನ ಗದ್ದೆ ತೋರಿಸಿ ಬೆಲ್ಲ ಕಾಯಿಸುವುದನ್ನು ವಿವರಿಸಿದರು. ನಾನು ತಪ್ಪು ಲೆಕ್ಕ ಹಾಕಿದೆನೇನೋ ಎನಿಸಿತು. ತಪ್ಪಾಗಿರಲಿ ಎಂದೂ ಎನಿಸಿತು.

ಕೆರೆಯಲ್ಲಿ ತಾವರೆ ಎಲೆ ತುಂಬಿತ್ತು, ಆಚೆ ಹಕ್ಕಿಗಳು. ಅಲ್ಲಿಯ ದೋಣಿ ಎಂದರೆ ಟೊಳ್ಳು ಮಾಡಿದ ಎರಡು ತಾಳೆ ದಿಮ್ಮಿಗಳನ್ನು ಜೋಡಿಸಿ ಕಟ್ಟಿದ್ದು, ಹತ್ತುವಾಗ ಹೊಯ್ದಾಡುತ್ತದೆ. ಮಗಳನ್ನು ಹಿಡಿದುಕೊಂಡು ಅಪ್ಪ ದಡದವರೆಗೆ ಬಂದರು. ದೋಣಿಯವನು ಕೈ ಚಾಚಿದ. ಅಪ್ಪ ದೋಣಿಯನ್ನು ನೋಡಿದರು, ನೀರನ್ನು ನೋಡಿದರು, ಹಿಂದೆ ಸರಿದರು. ಸುತ್ತ ಯಾರನ್ನೋ ಹುಡುಕಿ, ಕೊನೆಗೆ ನನ್ನ ಹತ್ತಿರ ಬಂದು ಮಗಳ ಕೈಯನ್ನು ನನ್ನ ಕೈಯಲ್ಲಿಟ್ಟರು.

"ಪಾಪನಿ ಕಾಸೇಪು ಚೂಸುಕೋಂಡಮ್ಮಾ. ಮಾ ಅಮ್ಮಾಯಿ ವಸ್ತುಂದಿ."

ಮಗುವನ್ನು ಸ್ವಲ್ಪ ಹೊತ್ತು ನೋಡಿಕೊಳ್ಳಿ, ನನ್ನ ಮಗಳು ಬರುತ್ತಾಳೆ ಎಂದರು. ಆಟದಲ್ಲಾದರೆ ಇಷ್ಟು ಹೇಳಿ ಯಾರ ತುಟಿ ಸಡಿಲುತ್ತದೆ ಎಂದು ಓರೆಗಣ್ಣಿನಲ್ಲಿ ನೋಡುತ್ತಿದ್ದರು. ಈಗ ಅವರು ರಸ್ತೆಯ ಕಡೆ ನೋಡುತ್ತಿದ್ದರು.

"ಸರೇನಂಡಿ," ಎಂದು ಒಪ್ಪಿಕೊಂಡೆ.

ಮಗಳು ನನ್ನ ಮುಖ ನೋಡಿದಳು, ಅಜ್ಜನ ಮುಖ ನೋಡಿದಳು, ತಡೆಯಲಾರದೆ ಕಿಸಕ್ಕನೆ ನಕ್ಕಳು.

"ನಾನ ಸೋತೆ ಅಜ್ಜಾ," ಎಂದಳು.

ದೋಣಿಯವನು ಮತ್ತೆ ಕರೆದ. ಅಪ್ಪ ಅವನಿಗೆ ತಡೆ ಎಂದು ಕೈ ಮಾಡಿ, ನನ್ನ ದಾರಿ ಕಾಯುತ್ತ ದಡದಲ್ಲೇ ನಿಂತರು. ನಾನು ಮಗಳ ಕೈ ಹಿಡಿದು ಅವರ ಪಕ್ಕದಲ್ಲಿ ನಿಂತೆ.