ಬಾಗಿಲ ಬಳೆ

ಮೊನ್ನೆ ಇಲ್ಲಿ ಗಲ್ಫಿನಲ್ಲಿ, ಲುಸೈಲಿನ ಅಂಗಡಿಯೊಂದರಲ್ಲಿ ಮನೆ ಅಲಂಕಾರದ ಸಾಮಾನು ನೋಡುತ್ತಿದ್ದೆ. ಹಳೇ ಕಾಲದ ಬಾಗಿಲಿಗೆ ಹಾಕುವಂಥ ದಪ್ಪ ಕಬ್ಬಿಣದ ಬಳೆಯೊಂದು ಕೈಗೆ ಸಿಕ್ಕಿತು. ತಣ್ಣಗಿತ್ತು. ಅಲ್ಲೇ ನಿಂತುಬಿಟ್ಟೆ... ಮಿಸ್ ನೆನಪಾದರು.

ನಾನು ಶಾಲೆಗೆ ಹೋಗುತ್ತಿದ್ದ ಕಾಲದಲ್ಲಿ ಇದೇ ಊರಿನ ಬಿನ್ ಮಹಮೂದ್ ಬಡಾವಣೆಯಲ್ಲಿ ನಮ್ಮ ಎದುರಿನ ಫ್ಲ್ಯಾಟ್ ಅವರದು. ಮಂಗಳೂರಿನ ಕ್ರಿಶ್ಚಿಯನ್ ಹೆಂಗಸು, ಒಬ್ಬರೇ ಇದ್ದರು, ಶಾಲೆಯಲ್ಲಿ ಚರಿತ್ರೆ ಟೀಚರ್. ಸಂಜೆ ನಮ್ಮಂಥ ಬ್ಯಾರಿ ಮಕ್ಕಳಿಗೂ ತುಳು ಮನೆಗಳ ಮಕ್ಕಳಿಗೂ ಟ್ಯೂಷನ್ ಹೇಳುತ್ತಿದ್ದರು. ಮಧ್ಯಯುಗದ ಯುರೋಪಿನ ಚರ್ಚ್ ಅಂದರೆ ಪುಸ್ತಕದಲ್ಲಿ ಎರಡೇ ಪುಟ. ಮಿಸ್ಸಿಗೆ ಅದೆಲ್ಲಿ ಸಾಕು! ಇಗರ್ಜಿಯ ಗಂಟೆ ಹೊಡೆದರೆ ಊರು ಏಳಬೇಕು, ಗಂಟೆ ಹೊಡೆದರೆ ಕೆಲಸ ಬಿಡಬೇಕು. ಹುಟ್ಟಿದರೂ ಪಾದ್ರಿ, ಮದುವೆಗೂ ಪಾದ್ರಿ, ಸತ್ತರೂ ಪಾದ್ರಿ. ಬೆಳೆದದ್ದರಲ್ಲಿ ಹತ್ತರಲ್ಲೊಂದು ಪಾಲು ಇಗರ್ಜಿಗೆ. ತಿರುಗಿ ಮಾತಾಡಿದವನನ್ನು ಹೂಳಲು ಜಾಗವೂ ಇಲ್ಲ. ತಮ್ಮದೇ ಧರ್ಮದವರ ತಪ್ಪು ಅಂತ ಮುಚ್ಚಿಡುವ ಜಾಯಮಾನ ಅವರದಲ್ಲ.

"ಆದರೆ ಒಂದು ಒಳ್ಳೇ ಪದ್ಧತಿ ಇತ್ತು ಮಕ್ಕಳೇ," ಅನ್ನುತ್ತಿದ್ದರು. "ಓಡಿ ಬಂದವನು ಇಗರ್ಜಿ ಬಾಗಿಲ ಬಳೆ ಹಿಡಿದುಕೊಂಡರೆ ಮುಗಿಯಿತು. ರಾಜನ ಭಟರೂ ಅವನನ್ನು ಎಳೆಯುವ ಹಾಗಿಲ್ಲ."

ಆ ಪಾಠ ಮುಗಿದು ತುಂಬಾ ದಿನ ಆಗಿರಲಿಲ್ಲ. ನಾವು ಓದುತ್ತ ಕೂತಿದ್ದಾಗ ಕೆಳಗಿನ ಫ್ಲ್ಯಾಟಿನ ಕೆಲಸದಾಕೆ ಬರಿಗಾಲಲ್ಲಿ ಓಡಿ ಬಂದು ಬಾಗಿಲು ಬಡಿದಳು, ಮಿಸ್ ತೆಗೆದರು. ಆಂಧ್ರದ ಹೆಂಗಸು. ಊರಲ್ಲಿ ಅವಳ ಮಗು ಆಸ್ಪತ್ರೆಯಲ್ಲಿತ್ತು. ಹೋಗಬೇಕು ಅಂದದ್ದಕ್ಕೆ ಪಾಸ್‌ಪೋರ್ಟ್ ಕೊಡದೆ ಆ ಮನೆಯವರು ಕೆನ್ನೆಗೆ ಬಾರಿಸಿದ್ದರು. ಮಿಸ್ಸಿನ ಬಾಗಿಲಿನ ಹಿಡಿಯನ್ನು ಎರಡೂ ಕೈಯಲ್ಲಿ ಹಿಡಿದು ಅಳುತ್ತ ನಿಂತಳು. ಹಿಂದೆಯೇ ಆ ಮನೆಯ ಯಜಮಾನ ಬಂದ. ನಮ್ಮ ಊರ ಕಡೆಯವನೇ, ಹೇಳಲಿಕ್ಕೂ ನಾಚಿಕೆ.

"ಯಲ್ಲಾ, ನಡಿ ಕೆಳಗೆ! ಮಿಸ್, ಇದು ನಮ್ಮ ಮನೆ ವಿಷಯ. ನಿಮಗೆಂತಕ್ಕೆ?"

ಮಿಸ್ ಮುಂದೆ ಬಂದು ಅವಳಿಗೂ ಅವನಿಗೂ ನಡುವೆ ಅಡ್ಡ ನಿಂತರು. "ಅವಳು ನನ್ನ ಬಾಗಿಲು ಹಿಡಿದಿದ್ದಾಳೆ. ಇನ್ನು ಇದು ನನ್ನ ಮನೆ ವಿಷಯ. ಖಲಾಸ್."

ಆಹಾ, ಆ ಮನುಷ್ಯನ ಮುಖ ನೋಡಬೇಕಿತ್ತು! ನಿಮ್ಮ ಕೆಲಸ ತೆಗೆಸ್ತೇನೆ ಅಂತ ಕೂಗಾಡಿದ. ತೆಗೆಸಿ ಅಂದರು ಮಿಸ್, ಅಷ್ಟೇ.

ಮರುದಿನ ಅವಳನ್ನು ಟ್ಯಾಕ್ಸಿಯಲ್ಲಿ ಎಂಬೆಸಿಗೆ ಕರೆದುಕೊಂಡು ಹೋದರು. ಅವಳು ಊರು ಸೇರಿದಳು, ಮಗು ಉಳಿಯಿತು. ಆದರೆ ಅವನೂ ಹೇಳಿದ್ದನ್ನು ಮಾಡಿದ. ಶಾಲೆಗೆ ದೂರು ಹೋಯಿತು, ವರ್ಷ ಮುಗಿದಾಗ ಮಿಸ್ಸಿನ ಕೆಲಸವೂ ಮುಗಿಯಿತು. ಟ್ಯೂಷನ್ ಮಕ್ಕಳನ್ನು ಅವರವರ ಮನೆಯವರು ಒಬ್ಬೊಬ್ಬರಾಗಿ ಬಿಡಿಸಿದರು. ಉಪ್ಪ, ನಮ್ಮ ಅಪ್ಪ ಕೂಡ, ಊರ ಉಸಾಬರಿ ನಮಗ್ಯಾಕೆ ಅಂದಿದ್ದರು. ಉಮ್ಮ ಕೇಳಬೇಕಲ್ಲ! ನನ್ನನ್ನು ಕಳಿಸುತ್ತಲೇ ಇದ್ದರು. ಕೊನೆಗೆ ಆ ಮೇಜಿನೆದುರು ನಾನೊಬ್ಬಳೇ ಕೂತು ಓದಿದೆ.

"ಬೇಜಾರಾ ಮಿಸ್?" ಅಂತ ಕೇಳಿದ್ದೆ.

"ಕೆಲಸ ಹೋದದ್ದಕ್ಕೆ ಬೇಜಾರುಂಟು. ಬಾಗಿಲು ತೆಗೆದದ್ದಕ್ಕೆ ಇಲ್ಲ."

ಹೋದ ವರ್ಷ ಅವರು ಊರಲ್ಲಿ ತೀರಿಕೊಂಡರಂತೆ. ವಾಟ್ಸಾಪ್ ಗ್ರೂಪಿನಲ್ಲಿ ಯಾರೋ ಒಂದು ಸಾಲು ಹಾಕಿದ್ದರು, ಕೆಳಗೆ ನಾಲ್ಕು ಕೈಮುಗಿದ ಚಿತ್ರ. ಇಷ್ಟೇನಾ ಅಂತ ಫೋನು ಮಗುಚಿ ಇಟ್ಟೆ. ಒಮ್ಮೆ ಹೋಗಿ ನೋಡಿ ಬರಬೇಕು ಅಂದುಕೊಂಡದ್ದು ಹಾಗೇ ಉಳಿಯಿತು...

ಬಳೆ ತಂದು ನಮ್ಮ ಫ್ಲ್ಯಾಟಿನ ಬಾಗಿಲಿಗೆ ಹಾಕಿಸಿದ್ದೇನೆ. ತೆಗೆಯಿರಿ ಅಂತ ಬಿಲ್ಡಿಂಗಿನವರು ಎರಡು ಸಲ ಹೇಳಿದರು. ತೆಗೆಯುವುದಿಲ್ಲ ಅಂದೆ.

"ಬೆಲ್ ಉಂಟಲ್ಲ ಉಮ್ಮಾ, ಇದೆಂತಕ್ಕೆ?" ಅಂದಳು ಮಗಳು.

"ಬೆಲ್ ಬಂದವರಿಗೆ," ಅಂದೆ. "ಇದು ಓಡಿ ಬಂದವರಿಗೆ."