ಪರದೆ ದಾಟಿದ ಹೆಸರುಗಳು

ನೀರು ಸರಬರಾಜು ಕಚೇರಿಯ ದೊಡ್ಡ ಗುಮಾಸ್ತರಿಗೆ ಅರ್ಧಂಬರ್ಧ ಮಾತೆಂದರೆ ಮೈಯೆಲ್ಲ ಉರಿ. ಕಾಗದದ ಕಾಲದಲ್ಲಿ ಅವರು ಕಡತದ ರಟ್ಟಿನ ಮೇಲೇ ವಿಷಯವನ್ನೆಲ್ಲ ಬರೆದುಬಿಡುತ್ತಿದ್ದರು. ಸಾಹೇಬರು ದಾರ ಬಿಚ್ಚದೆಯೇ ಒಪ್ಪಿಗೆ ಕೊಡುತ್ತಿದ್ದರು. ಕಂಪ್ಯೂಟರ್ ಬಂದ ಮೇಲೂ ಅವರ ಕೈ ಸುಮ್ಮನಿರಲಿಲ್ಲ. ‘ಮೂಲೆಮನೆ ಅಜ್ಜಿಯ ನಲ್ಲಿ ಸೋರುತ್ತಿದೆಯೆಂದು ಮೂರು ಸಲ ಹೇಳಿದರೂ ಯಾರೂ ಹೋಗದೆ ನಾಲ್ಕನೇ ಸಲ ಅಜ್ಜಿಯೇ ಕೊಡ ಹಿಡಿದು ಬಂದು ಬೈದದ್ದು’ ಎಂಬಂಥ ಕಡತದ ಹೆಸರುಗಳು ಪರದೆ ದಾಟಿ ಹೋಗುತ್ತಿದ್ದವು.

ಅವರ ನಿವೃತ್ತಿಯ ದಿನ ಕಂಪ್ಯೂಟರ್ ರಿಪೇರಿಯಾಕೆ ಆ ಕಡತಗಳನ್ನು ಹೊಸ ಯಂತ್ರಕ್ಕೆ ಸಾಗಿಸಲು ಕೂತಳು. ಹೆಸರು ತೀರಾ ಉದ್ದವಾಯಿತೆಂದು ಯಂತ್ರ ಒಂದನ್ನೂ ನಕಲು ಮಾಡಲಿಲ್ಲ, ಅಳಿಸಲೂ ಬಿಡಲಿಲ್ಲ.

“ಸಾರ್, ಹೆಸರು ಸ್ವಲ್ಪ ಮೊಟಕು ಮಾಡ್ಲಾ?”

“ಹೊಟ್ಟೆ ಉರಿಸ್ಬೇಡಮ್ಮ! ಒಂದಕ್ಷರ ಹೋದ್ರೂ ವಿಷಯಾನೇ ಕೆಟ್ಟೋಗತ್ತೆ.”

ಹೆಣಗಾಡಿ ಸುಸ್ತಾದ ಆಕೆ, ಒಳಗೆ ಅಂಥದ್ದೇನಿದೆಯೋ ನೋಡೋಣವೆಂದು ಅಜ್ಜಿಯ ಕಡತ ತೆರೆದಳು. ಬರೀ ಬಿಳಿ ಹಾಳೆ. ಇನ್ನೊಂದು ತೆರೆದಳು, ಮತ್ತೊಂದು ತೆರೆದಳು, ಎಲ್ಲ ಖಾಲಿ.

“ಸಾರ್, ಒಳಗೆ ಏನೂ ಇಲ್ವಲ್ಲ!”

ಬೀಳ್ಕೊಡುಗೆಯ ಹೂಗುಚ್ಛ ಹಿಡಿದಿದ್ದ ದೊಡ್ಡ ಗುಮಾಸ್ತರು ಕನ್ನಡಕದ ಮೇಲಿಂದ ಆಕೆಯನ್ನೇ ದುರುಗುಟ್ಟಿ ನೋಡಿದರು.

“ಮೂವತ್ತು ವರ್ಷದಲ್ಲಿ ಒಳಗೆ ನೋಡಿದವಳು ನೀನೇ ಮೊದ್ಲು, ತಾಯಿ.”