ಐವತ್ತೆರಡನೇ ನಂಬರಿನ ಹುಡುಗ

ಅಮೆರಿಕದ ನೆಬ್ರಾಸ್ಕಾದಲ್ಲಿ, ಚೆಂಡು ಹಿಡಿದು ಮೈಗೆ ಮೈ ಡಿಕ್ಕಿ ಹೊಡೆದು ಆಡುವ ಅಲ್ಲಿನ ಶಾಲಾ ಫುಟ್‌ಬಾಲ್ ಪಂದ್ಯಗಳಲ್ಲಿ ಮೂವತ್ತು ವರ್ಷ ಅಂಪೈರ್ ಆಗಿದ್ದ ಡೆಲ್ಬರ್ಟ್ ಕ್ರೌಸನಿಗೆ ತಪ್ಪಿಗೆಲ್ಲ ದಂಡನೆಯ ಹಳದಿ ಬಾವುಟ ಎಸೆಯುವುದೆಂದರೆ ಆಗದು. ಒಂದು ನುಗ್ಗಾಟ ಮುಗಿದು ಇನ್ನೊಂದು ಶುರುವಾಗುವಷ್ಟರಲ್ಲಿ ಹುಡುಗರನ್ನು ಗದರಿಸಿ, ನಗಿಸಿ ದಾರಿಗೆ ತರುತ್ತಿದ್ದ. "ಏಯ್ ಐವತ್ತೆರಡು, ಅವನ ಅಂಗಿ ಬಿಡೋ, ನಿಮ್ಮಪ್ಪ ಕೊಡಿಸಿದ್ದಾ ಅದು?"

ಆ ಶುಕ್ರವಾರ ಅದೇ ಐವತ್ತೆರಡನೇ ನಂಬರಿನ ವೆಂಡೆಲ್ ಡಿಕ್ಕಿ ಹೊಡೆದು ಬಿದ್ದು ಎದ್ದವನು, ನೇರ ಎದುರಾಳಿಗಳ ಗುಂಪಿಗೆ ಹೋಗಿ ನಿಂತ. ಎಲ್ಲರೂ ನಕ್ಕರು. ತಲೆಗೆ ಪೆಟ್ಟಾಗಿದೆಯೆಂದು ಆಗಲೇ ಹೊರಗೆ ಕಳಿಸಬೇಕಿದ್ದ ಕ್ರೌಸನೂ ನಕ್ಕ, ಪಾಪಿ. ಭುಜ ಹಿಡಿದು ತಿರುಗಿಸಿದ. "ನಿಮ್ಮೋರು ಆ ಕಡೆ ಕಣೋ, ಪೆದ್ದ."

ಮುಂದಿನ ಡಿಕ್ಕಿಗೆ ಬಿದ್ದ ವೆಂಡೆಲ್ ಏಳಲಿಲ್ಲ.

ಈಗ ಕ್ರೌಸ್ ಪ್ರತಿ ಶುಕ್ರವಾರ ಅವನ ಗಾಲಿಕುರ್ಚಿಯ ಪಕ್ಕ ಕೂರುತ್ತಾನೆ. ಹುಡುಗ ಗುರುತು ಹಿಡಿಯುವುದಿಲ್ಲ. ಕೇಳುವುದು ಒಂದೇ ಮಾತು, "ಸರ್, ನಮ್ಮೋರು ಯಾವ ಕಡೆ?"